ನೈದಿಲೆ ಎಲೆಯ ಮೇಲಿನ ಗೂಡು

ಜೂನ್ ೧೪, ಶನಿವಾರ. ಸ್ಕಾದರ್ ಸರೋವರ, ಡೇರೆಯಲ್ಲಿ.

ನನ್ನ ಹಟಕ್ಕಿಷ್ಟು ಬೆಂಕಿ ಬೀಳ! ಸಂಜೆ ಮಗ ವುಕೋತ ದೋಣಿಯನ್ನು ಬಳಸುದಾರಿಯಲ್ಲಿ ತರುತ್ತಿದ್ದ. ನೈದಿಲೆಗಳ ನಡುವೆಯೇ ಬಿಡು ಎಂದೆ.

"ಬೇಡ ಅಜ್ಜಿ, ಎಲೆ ಮೇಲೆ ರೀವ ಹಕ್ಕಿ ಗೂಡಿದೆ," ಎಂದಳು ಮೊಮ್ಮಗಳು ಯಾಗ್ಲಿಕ, ದುರ್ಬೀನು ಇಳಿಸದೆ.

"ನಂಗೇ ಕೆರೆ ತೋರಿಸೋಕೆ ಬಂದ್ಯಾ? ನಿಮ್ಮಪ್ಪ ತೊಟ್ಟಿಲಾಡಿದ್ದೇ ದೋಣೀಲಿ ಕಣೇ!"

ವುಕೋತ ನನ್ನ ಮಾತು ಮೀರಲಿಲ್ಲ. ನಲವತ್ತು ವರ್ಷ ಅಲ್ಲೇ ಹುಟ್ಟು ಹಾಕಿದ್ದೇನೆ, ಒಂದು ಗೂಡೂ ಅಲುಗಿರಲಿಲ್ಲ. ಈಗಿನ ದೋಣಿಯ ಮೋಟಾರು ಅಲೆ ಎಬ್ಬಿಸುತ್ತದೆಂದು ನನಗೆ ಹೊಳೆಯಲೇ ಇಲ್ಲ. ಗೂಡು ಮಗುಚಿತು. ಮೊಟ್ಟೆಗಳು ಮುಳುಗಿದವು.

ಹುಡುಗಿ ಅಳಲಿಲ್ಲ, ರಾತ್ರಿ ಸುಟ್ಟ ಮೀನನ್ನೂ ಮುಟ್ಟಲಿಲ್ಲ. ತಪ್ಪಾಯಿತು ಎನ್ನಲು ಹೋದೆ, "ತಿನ್ನೇ!" ಎಂದು ಗದರಿಬಿಟ್ಟೆ. ಹಾಳು ನಾಲಿಗೆ.

ಅವಳು ನಿದ್ದೆಹೋದ ಮೇಲೆ ಅವಳ ಹಕ್ಕಿಪುಸ್ತಕ ತೆರೆದೆ. ಬೆಳಿಗ್ಗೆಯೇ ಬರೆದಿದ್ದಾಳೆ: "ಮೂರು ಮೊಟ್ಟೆ. ಅಜ್ಜಿಗೆ ತೋರಿಸಬೇಕು."