ಬೆಳ್ಳಿ ಬಿಲ್ಲೆ

ಬಬಲೇಶ್ವರ
ಗುರುವಾರ, ೧೯೬೩

ಜೀವದ ಗೆಳತಿ ಮದೀನಾ,

ಈ ತಿಂಗಳು ಮೆಚ್ಚಿದ ಹಾಡು, ಬರವಣಿಗೆ, ಒಡವೆ ಯಾವುವೆಂದು ಎಂದಿನಂತೆ ಕೇಳಿದ್ದೀ.

ಹಾಡು, ಪಕ್ಕದ ಮನೆಯ ರೇಡಿಯೋದಲ್ಲಿ ಬರುವ ಒಂದು ಭಾವಗೀತೆ. ರೊಟ್ಟಿ ಬಡಿಯುತ್ತ ಅದನ್ನು ಗುನುಗಿದರೆ ಅತ್ತೆ, "ಹಿಂದಿನಾಕೀನೂ ಹಿಂಗ ಹಾಡ್ತಿದ್ದಳು" ಎಂದು ಒಳಗೆ ಹೋಗಿಬಿಡುತ್ತಾರೆ.

ಬರವಣಿಗೆಯಲ್ಲಿ ನೀನು ಬರೆದ ಬಾವಿಯ ಕವಿತೆಯೇ ಮೇಲು. ಇವರಿಗೂ ಓದಿ ಹೇಳಿದೆ. ಉಣ್ಣುವುದನ್ನು ಬಿಟ್ಟು ಎದ್ದು, "ಬಾವಿ ಸುದ್ದಿ ನಿನ್ನ ಗೆಳತಿಗೆ ಯಾರು ಹೇಳ್ಯಾರ?" ಎಂದರು. ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಳೆಂದಲ್ಲವೇ ನಮಗೆ ಹೇಳಿದ್ದು?

ಇನ್ನು ಒಡವೆ. ತೀರಿಹೋದ ಸವತಿಯ ಹೆಸರಿನಲ್ಲಿ ಎರಡನೆಯವಳ ಕೊರಳಿಗೆ ಬೆಳ್ಳಿ ಬಿಲ್ಲೆ ಕಟ್ಟುವುದು ನಿನಗೂ ಗೊತ್ತು. ನನಗೆ ಎರಡು ಕಟ್ಟಿದ್ದಾರೆ. "ಈಗ ಜೋಡಿ ಬಿಲ್ಲೆ ಚಾಲ್ತಿ ಐತಿ" ಎಂದಿದ್ದರು ಅತ್ತೆ. ನನಗೂ ಚೆಂದ ಕಂಡಿತ್ತು. ನಿನ್ನೆ ಕೊಂಡಿ ಸಡಿಲಾಯಿತೆಂದು ಪತ್ತಾರನ ಅಂಗಡಿಗೆ ಹೋದೆ.

"ಒಬ್ಬಾಕಿ ಹೆಸರಿಗೆ ಒಂದ ಬಿಲ್ಲೆರಿ ತಂಗಿ" ಎಂದ ಆತ. ಕೊಂಡಿ ಬಿಗಿದು ಕೊಡುತ್ತ, "ನಿಮ್ಮ ಅತ್ತಿಯವರು ಹೇಳಿದ ಮೂರನೇದು ಸಂತಿ ದಿನ ಕೊಡ್ತೀನಿ" ಎಂದ. ಅದು ಯಾರ ಹೆಸರಿಗೆಂದು ನಾನು ಕೇಳಲಿಲ್ಲ.

ಸಂತೆಗೆ ಮೊದಲೇ ವಿಜಾಪುರದಿಂದ ನಿಮ್ಮಣ್ಣ ಜಿಲಾನಿಯನ್ನು ಕಳಿಸು. ನೀಲಾಳ ಅವ್ವನಿಗೆ ಹುಷಾರಿಲ್ಲ, ಕರೆದೊಯ್ಯಲು ಬಂದಿದ್ದೇನೆ ಎಂದಷ್ಟೇ ಹೇಳಲಿ. ಉತ್ತರ ಬರೆಯಬೇಡ, ಇಲ್ಲಿ ಟಪಾಲು ಮೊದಲು ಅತ್ತೆಯ ಕೈಗೆ ಹೋಗುತ್ತದೆ. ಅಣ್ಣ ಬರುವವರೆಗೆ ಬಾವಿಗೆ ನೀರಿಗೆ ಹೋಗದಿರಲು ಏನಾದರೊಂದು ನೆವ ಹೇಳುತ್ತಿರುತ್ತೇನೆ.

ನಿನ್ನ
ನೀಲಾ