ಹೊಳೆಸೀಮೆಗೆ ಸೂತಕ

ಜೂನ್ 7, ಶನಿವಾರ

ಇವತ್ತೂ ಮೆಷಿನ್ ಮೇಲಿನ ಬಟ್ಟೆ ಸರಿಸಲಿಲ್ಲ. ಕತ್ತರಿಸಿದ ಸ್ಕೂಲ್ ಯೂನಿಫಾರಂ ಹಾಗೇ ಗಂಟಿನಲ್ಲಿದೆ. ತಿಥಿ ಆಗುವ ತನಕ ಹೊಲಿಯಬಾರದು. ಕೇಳಿಕೊಂಡು ಯಾರೂ ಬರುವುದೂ ಇಲ್ಲ.

ಅವ್ವ ಎರಡು ತುತ್ತು ಉಂಡಳು. ನಾನು ಎದುರಿಗೆ ಕೂತರೆ ಮಾತ್ರ. ಎದ್ದರೆ ತಟ್ಟೆ ಸರಿಸುತ್ತಾಳೆ. ನೀರು ತರಲು ಹೋದರೂ "ಎಲ್ಲಿಗೋಯ್ತಿದ್ದೀಯೆ ಮಗ?"

ಕಿರಣನ ಫೋನ್ ಮತ್ತೆ ಸದ್ದು ಮಾಡಿತು. ಮೂರನೇ ದಿನದ ಹಾಲುತುಪ್ಪದಿಂದ ಹೀಗೇ. ಆಫ್ ಮಾಡಿಬಿಡು ಅಂದರು ಚಿಕ್ಕಪ್ಪ. ಆಗಲಿಲ್ಲ. ತಮ್ಮನ ಬೈಕು ಮುದ್ದೆಯಾಗಿದೆ, ಫೋನಿನ ಗಾಜು ಒಂದು ಮೂಲೆ ಒಡೆದಿದೆ, ಅಷ್ಟೇ. ಹ್ಯಾಂಡ್‌ಪೋಸ್ಟ್ ಪೇಟೆಯಿಂದ ಬರುವಾಗ ಕಾಡುಹಂದಿ ಅಡ್ಡ ನುಗ್ಗಿತಂತೆ. ಅವನು... ಬೇಡ.

ಫೋನಿನ ಲಾಕ್ ಗೊತ್ತಿತ್ತು. ನನ್ನ ಕಣ್ಣೆದುರೇ ಎಷ್ಟು ಸಲ ಗೆರೆ ಎಳೆದಿದ್ದಾನೆ. ತೆಗೆದೆ.

ಅದೇ ಆಟ. ಹೊಳೆಸೀಮೆ. ಎಲ್ಲೂ ಇಲ್ಲದ ಒಂದು ದೇಶ, ಫೋನಿನೊಳಗೆ. ಅದಕ್ಕೊಂದು ಬಾವುಟ, ಪಕ್ಷಗಳು, ಸದನ, ಚುನಾವಣೆ. ಯಾವ್ಯಾವುದೋ ಊರಿನ ಜನ ಸೇರಿ ನಡೆಸುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಊಟಕ್ಕೆ ಕೂತಾಗಲೂ ಅವನಿಗೆ ಅದೇ. "ಅಧ್ಯಕ್ಷ ಆಗೇ ಆಗ್ತೀನಿ, ನೋಡ್ತಿರಕ್ಕ."

"ಮೊದ್ಲು ರೇಷನ್ ತಂದಾಕು ಬಾ ಅಧ್ಯಕ್ಷ" ಅನ್ನುತ್ತಿದ್ದೆ.

ಗೆದ್ದಿದ್ದಾನೆ. ಅವನು ಹೋದ ಮಾರನೆಯ ದಿನ ಫಲಿತಾಂಶ ಬಂದಿದೆ.

ಜೂನ್ 8, ಭಾನುವಾರ

ಬೆಳಗಿನಿಂದ ಅವನು ಬರೆದದ್ದನ್ನೇ ಓದುತ್ತಿದ್ದೇನೆ. ಸದನದ ಭಾಷಣ, ಜಗಳ, ತಮಾಷೆ, ಎಲ್ಲವೂ ಅಲ್ಲಿದೆ. ಓದಿದರೆ ಪಕ್ಕದಲ್ಲೇ ಕೂತು ಮಾತಾಡಿದಂತೆ. ಒಂದು ಕಡೆ ನಕ್ಕುಬಿಟ್ಟೆ. ಅವ್ವ ತಿರುಗಿ ನೋಡಿದಳು. ಕೆಮ್ಮಿದೆ.

ಆಟಗಾರರ ಪಟ್ಟಿಯಲ್ಲಿ ಮಹದೇವಯ್ಯ ಅನ್ನುವ ಹೆಸರು ಮಾತ್ರ ಬೂದು ಬಣ್ಣದಲ್ಲಿದೆ. ಒತ್ತಿದರೆ ಏನೂ ತೆರೆಯುವುದಿಲ್ಲ. ನಿಯಮಗಳ ಪುಟದಲ್ಲಿ ಹುಡುಕಿದೆ. ಆಟಗಾರ ತೀರಿಕೊಂಡರೆ ಖಾತೆ ಮುಚ್ಚುತ್ತಾರೆ, ಹೆಸರು ಬೂದಾಗುತ್ತದೆ. ಬರೆದದ್ದೆಲ್ಲ ಹೋಗುತ್ತದೆ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಆಡಿದರೂ ಅಷ್ಟೇ.

ಗೆದ್ದವನು ಬಂದು ಪ್ರಮಾಣ ಮಾಡದಿದ್ದರೆ ಮರುಚುನಾವಣೆ. ಎಲ್ಲರೂ ಕರೆಯುತ್ತಿದ್ದಾರೆ. ಸಂಘಮಿತ್ರ ಅನ್ನುವವರು ಸೋತ ಅಭ್ಯರ್ಥಿ, ಕೆ.ಆರ್. ನಗರದವರು. "ಸೋತೋರು ಬಂದು ಕೂತಿದೀವಿ, ಗೆದ್ದೋರು ಎಲ್ಲಿ ಅಡಗಿಕೊಂಡ್ರಿ?" ಅಂತ ಕೆಣಕಿದ್ದಾರೆ. ಸಲ್ಮಾನ್ ಅಂತ ಹುಣಸೂರಿನ ಹುಡುಗ, ಮರಗೆಲಸದವನು, ಕಿರಣನ ಪಕ್ಷ. "ಬಾ ಕಿರಣಣ್ಣ, ಹಾರ ಬಾಡೋಯ್ತದೆ."

ಹಾರ. ನಡುಮನೆಯ ಫೋಟೋಗೆ ಹಾಕಿರುವುದು ಬಾಡಿದೆ.

ಜೂನ್ 9, ಸೋಮವಾರ

ಏನು ಮಾಡಿಬಿಟ್ಟೆ.

ಉತ್ತರ ಕೊಡದಿದ್ದರೆ ಹೆಸರು ತೆಗೆಯುತ್ತಾರೆ ಅನ್ನುವ ಭಯಕ್ಕೆ ಒಂದೇ ಬೆರಳಲ್ಲಿ ಒತ್ತಿದೆ: "ಮನೆಯಲ್ಲಿ ಸೂತಕ ಇದೆ. ತಿಥಿ ಆದ ಮೇಲೆ ಪ್ರಮಾಣ ಮಾಡುತ್ತೇನೆ." ಯೋಚಿಸಲೇ ಇಲ್ಲ. ಸೂತಕದಲ್ಲಿ ಯಾರಾದರೂ ಹೊಸ ಕೆಲಸಕ್ಕೆ ಕೈ ಹಾಕುತ್ತಾರೆಯೇ? ಆಟವಾದರೂ ಪ್ರಮಾಣ ಪ್ರಮಾಣವೇ.

ಕಳಿಸಿದ ಮೇಲೆ ಅಳಿಸಲು ನೋಡಿದೆ. ಆಗಲಿಲ್ಲ.

ತಕ್ಷಣ ಸಲ್ಮಾನ್. "ಯಾರು ಹೋದ್ರಣ್ಣ?"

ಅವ್ವ ಅನ್ನಲೇ? ಚಿಕ್ಕಪ್ಪ ಅನ್ನಲೇ? ಬದುಕಿರುವವರನ್ನು ಹೇಗೆ... ಅವನು ಮತ್ತೆ ಕೇಳಿದ. ಮತ್ತೆ. ನನ್ನ ಕೈಗೆ ಸಿಕ್ಕವಳು ನಾನೊಬ್ಬಳೇ.

"ಅಕ್ಕ" ಅಂತ ಒತ್ತಿದೆ.

ಬಿಡ್ತು. ಬಿಡ್ತು. ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು, ಯಾರಿಗಾದರೂ ಕೇಳಿಸುವಂತೆ ಅನ್ನಬೇಕೇನೋ. ಯಾರಿಗೆ ಕೇಳಿಸಲಿ? ಇರುವವಳು ಅವ್ವ.

ಜೂನ್ 10, ಮಂಗಳವಾರ

ಹೊಳೆಸೀಮೆಯ ಬಾವುಟವನ್ನು ಅರ್ಧಕ್ಕೆ ಇಳಿಸಿದ್ದಾರೆ. ಸದನದಲ್ಲಿ ಸಂತಾಪ. ನನಗೆ.

ನನ್ನ ಹೆಸರು ಗೊತ್ತು ಅವರಿಗೆ. ಕಿರಣ ಹೇಳಿಕೊಂಡಿದ್ದಾನೆ. "ಮೀನಕ್ಕನ್ನ ನೋಡಿಲ್ಲ ನಾನು. ಆದ್ರೂ ನಮ್ಮನೇರೇ ಹೋದಂಗಾಯ್ತು" ಅಂತ ಸಲ್ಮಾನ್. ಸಂಘಮಿತ್ರ ಬರೆದದ್ದು: "ಲೆಕ್ಕ ತಪ್ಪಿದಾಗೆಲ್ಲ, ಒಂದ್ ನಿಮಿಷ ನಮ್ಮಕ್ಕನ್ನ ಕೇಳ್ಕೊಂಡು ಬತ್ತೀನಿ ಅಂತ ಎದ್ದು ಹೋಗ್ತಿದ್ರಲ್ಲ ಕಿರಣ್. ಇನ್ನು ಯಾರನ್ನ ಕೇಳ್ತೀರಿ?"

ನೆನಪಾಯಿತು. ಹೊಲಿಯುತ್ತಿರುವಾಗ ಬಂದು ಕೇಳಿದ್ದ. "ಅಕ್ಕ, ಒಂದು ಥಾನು ಬಟ್ಟೇಲಿ ಎಷ್ಟು ಮಕ್ಕಳಿಗೆ ಯೂನಿಫಾರಂ ಆಯ್ತದೆ?" ನಿನಗ್ಯಾಕೋ ಅದು ಅಂತ ಬೈದೇ ಹೇಳಿದ್ದೆ. ಅದು ಅವನ ದೇಶದ ಮಕ್ಕಳಿಗೆ.

ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವಳನ್ನು ಕೇಳಿ ದೇಶ ನಡೆಸುತ್ತಿದ್ದ ಪೆದ್ದ.

ಓದುತ್ತಾ ಅತ್ತೆ. ಅವನಿಗೋ ನನಗೋ ತಿಳಿಯಲಿಲ್ಲ. ಆಮೇಲೆ ಹೆದರಿಕೆ ಶುರುವಾಯಿತು. ಇಷ್ಟು ಜನ ಸೇರಿ ನನ್ನನ್ನು ಸತ್ತವಳು ಅನ್ನುತ್ತಿದ್ದಾರೆ. ಆಡಿದ ಮಾತು ಎಲ್ಲಿಗೆ ಹೋಗುತ್ತದೆ?

ಜೂನ್ 11, ಬುಧವಾರ

ರಸ್ತೆ ದಾಟಲು ಹೋಗಿ ವಾಪಸ್ ಬಂದೆ. ಬಸ್ಸು ಇನ್ನೂ ಆ ತಿರುವಿನಲ್ಲೇ ಇತ್ತು. ಕುಕ್ಕರ್ ಕೂಗುವಾಗ ಅಡುಗೆಮನೆಯಿಂದ ಆಚೆ ನಿಲ್ಲುತ್ತೇನೆ. ಕೈಗೆ ಸೂಜಿ ಚುಚ್ಚಿದ ಹಳೇ ಗಾಯ ನೋಡಿದರೂ ಭಯ. ನನಗೇನಾದರೂ ಆಗಲಿ, ಅದಲ್ಲ. ನಾನು ಕೂರದಿದ್ದರೆ ಅವ್ವ ಆ ಎರಡು ತುತ್ತನ್ನೂ ಉಣ್ಣುವುದಿಲ್ಲ.

"ಮೈಗುಸಾರಿಲ್ವಾ ಮಗ? ಮುಕ ನೋಡು, ಎಂಗಾಗೋಗದೆ" ಅಂತ ಹಣೆ ಮುಟ್ಟಿ ನೋಡಿದಳು.

ಜೂನ್ 13, ಶುಕ್ರವಾರ

ತಿಥಿ ಆಯಿತು. ಎಡೆಗೆ ಅವನಿಗೆ ಇಷ್ಟವಾದ ಹುರುಳಿಕಾಳು ಸಾರು, ಮುದ್ದೆ. ನೆಂಟರೆಲ್ಲ ಹೋದ ಮೇಲೆ ಫೋನ್ ನೋಡಿದೆ.

ಪ್ರಮಾಣ ಭಾನುವಾರ ಹನ್ನೊಂದಕ್ಕೆ ಅಂತ ಗೊತ್ತು ಮಾಡಿದ್ದಾರೆ.

ಕೆಳಗೆ ಸಲ್ಮಾನ್. ಭಾನುವಾರ ಮನೆಗೇ ಬರುತ್ತಾನಂತೆ. ಮಾತಾಡಿಸಿಕೊಂಡು ಹೋಗಲು. ಬೇಡ, ದೂರ ಆಗುತ್ತೆ ಅಂತ ಬರೆದೆ.

"ಸಾವಾದ ಮನೆಗೆ ಬರ್ಬೇಡ ಅಂತ ಯಾರಾರ ಅಂತಾರಾ? ನಮ್ಮಮ್ಮೀನೂ ಹೋಗ್ಬಾ ಅಂದವ್ರೆ. ನನ್ ಪಕ್ಕದಲ್ಲಿ ಕೂತೇ ಪ್ರಮಾಣ ಮಾಡೀಯಂತೆ ಅಣ್ಣ."

ಮನೆ ಸಿಗುವುದು ಕಷ್ಟ ಅಂದೆ.

"ಅಡ್ರೆಸ್ ಯಾಕೆ ಬುಡಣ್ಣ. ನಿಮ್ಮೂರು ಅಂತರಸಂತೇಲಿ ಇಳಿದು, ಟೈಲರ್ ಮೀನಕ್ಕ ತೀರ್ಕೊಂಡ ಮನೆ ಯಾವ್ದು ಅಂದ್ರೆ ಯಾರಾದ್ರೂ ತೋರಿಸ್ತಾರೆ."

ಎರಡು ಸಲ ಓದಿದೆ. ಬಸ್‌ಸ್ಟಾಪಿನಲ್ಲಿ ಅವನು ಹಾಗೆ ಕೇಳಿದರೆ... ಅದನ್ನು ಯಾರಾದರೂ ಓಡಿಬಂದು ಅವ್ವನಿಗೆ ಹೇಳಿದರೆ... ಕಿರಣನದ್ದು ಹೀಗೇ ಬಂದದ್ದು. ಯಾರೋ ಓಡಿ ಬಂದರು.

ನಿಜ ಹೇಳಿಬಿಡಬೇಕು. "ಕಿರಣ ಇಲ್ಲ" ಅಂತ ಒತ್ತಿದೆ. ಅಳಿಸಿದೆ. ಮತ್ತೆ ಒತ್ತಿದೆ. ಕಳಿಸಿದರೆ ಅವನ ಹೆಸರೂ ಬೂದು. ಅಳಿಸಿದೆ.

ಜೂನ್ 15, ಭಾನುವಾರ. ಬೆಳಿಗ್ಗೆ ಹತ್ತು

ಬಸ್‌ಸ್ಟಾಪಿಗೆ ನಾನೇ ಮೊದಲು ಹೋಗಿ ನಿಲ್ಲಬೇಕು ಅಂದುಕೊಂಡಿದ್ದೆ. ಅವನು ಇಳಿದ ಕೂಡಲೇ ಹಿಡಿದು, ಹೇಳಿ, ಕೈ ಮುಗಿದು ವಾಪಸ್ ಕಳಿಸಬೇಕು ಅಂತ. ಚಪ್ಪಲಿ ಮೆಟ್ಟಿಯೂ ಆಗಿತ್ತು. ಅವ್ವ ಸೆರಗು ಹಿಡಿದಳು.

"ಇವತ್ತು ಬ್ಯಾಡ ಕಣವ್ವ. ಯಾಕೋ ಎದೆ ಡವಗುಟ್ತದೆ. ನೀ ಕಣ್ಮುಂದೆ ಇರು ಸಾಕು."

ಬಿಡಿಸಿಕೊಳ್ಳಲಾಗಲಿಲ್ಲ. ಈಗ ಜಗಲಿಯಲ್ಲಿ ಕೂತಿದ್ದಾಳೆ. ನಾನು ಒಳಗೆ, ಮೆಷಿನ್ ಹತ್ತಿರ. ತಿಥಿ ಆದರೂ ಬಟ್ಟೆ ಸರಿಸಿಲ್ಲ. ಅದರ ಮೇಲೆಯೇ ಈ ಪುಸ್ತಕ. ಪಕ್ಕದಲ್ಲಿ ಫೋನು. ಬರೆಯುತ್ತಿದ್ದರೆ ಬಾಗಿಲ ಕಡೆ ನೋಡುವುದು ಕಡಿಮೆ.

ಹತ್ತೂ ಮುಕ್ಕಾಲು

ಪ್ರಮಾಣದ ಪುಟ ತೆರೆದುಕೊಂಡಿದೆ. "ಕಿರಣ್‌ಕುಮಾರ್ ಆದ ನಾನು..." ಅಂತ ಅವರೇ ಬರೆದಿಟ್ಟಿದ್ದಾರೆ. ಕೆಳಗೆ ಹಸಿರು ಗುಂಡಿ. ಹನ್ನೊಂದಕ್ಕೆ ಒತ್ತಬೇಕು. ಎಲ್ಲರೂ ಬಂದಿದ್ದಾರೆ. "ಇವತ್ತು ಕೆಣಕಲ್ಲ ರೀ, ಧೈರ್ಯವಾಗಿ ಬನ್ನಿ" ಅಂದಿದ್ದಾರೆ ಸಂಘಮಿತ್ರ. ಮೊದಲ ಆದೇಶವೂ ಸಿದ್ಧವಾಗಿದೆ, ಸಲ್ಮಾನ್ ಬರೆದದ್ದು. ಎಲ್ಲ ಮಕ್ಕಳಿಗೂ ಯೂನಿಫಾರಂ. ಯೋಜನೆಗೆ ದಿವಂಗತ ಮೀನಾ ಅವರ ಹೆಸರು. ಅದಕ್ಕೆ ನಾನೇ ಸಹಿ ಹಾಕಬೇಕು.

ಬಸ್ಸು ಬಂದು ಹೋದ ಸದ್ದಾಯಿತು. ಅವನು ಬಂದಿಲ್ಲದೆ ಇರಬಹುದು. ಬಸ್ ತಪ್ಪಿರಬಹುದು.

ಯಾರೋ ಹೊರಗೆ ಕೆಮ್ಮಿದರು.

"ಅಮ್ಮ, ಕಿರಣಣ್ಣನ ಮನೆ ಇದೇನಾ?"

ಅವ್ವ ಜಗಲಿಯಿಂದ ಎದ್ದ ಸದ್ದು.

"ನಾನು ಸಲ್ಮಾನ್ ಅಂತ. ಹುಣಸೂರಿಂದ ಬಂದೆ. ಟೈಲರ್ ಮನೆ ಅಂದಿದ್ಕೆ ಯಾರೋ ಮಗು ಈ ಕಡೆ ತೋರಿಸ್ತು. ಮಗಳು ಹೋದ ವಿಷ್ಯ ತಿಳೀತು ಅಮ್ಮ. ಬಾಳ ಸಂಕಟ ಆಯ್ತು."

"ಮಗಳಾ?" ಅಂದಳು ಅವ್ವ. "ಯಾರಪ್ಪ ಹೇಳುದ್ದು? ಒಳ್ಗವ್ಳೆ ಕಣಪ್ಪ ಅವ್ಳು. ಈಗ್ತಾನೆ ಇಲ್ಲೇ..."

"ಮೀನಾ" ಅಂತ ಕರೆದಳು. "ಮಗ, ಮೀನಾ."

ಅದೇ ದನಿ. ಕಿರಣನ ಸುದ್ದಿ ಬಂದ ದಿನ ಇದೇ ದನಿಯಲ್ಲಿ ಕೂಗಿದ್ದಳು.

ಓ ಅಂದರೆ ಹೊಳೆಸೀಮೆಯಲ್ಲೂ ಕಿರಣ ಇಲ್ಲ. ಅನ್ನದಿದ್ದರೆ ಅವ್ವ —

ಓ ಅಂದೆ.

ಕೇಳಿಸಿಲ್ಲ ಅವಳಿಗೆ. ಮತ್ತೆ ಕರೆಯುತ್ತಿದ್ದಾಳೆ. ಇನ್ನೊಂದು ಸಲ, ಜೋರಾಗಿ