ಬೀಗಿತ್ತಿಗೆ ಬಾಯೊನ್ ತೋರಿಸಿದ್ದು

ಸಿಯೆಮ್ ರೀಪ್
ನವೆಂಬರ್ ೧೮, ಜಲೋತ್ಸವ ಮುಗಿದ ಎರಡನೇ ದಿನ

ಮುದ್ದು ಮಗಳು ಮಾಲಿಸ್‌ಗೆ,

ಹೇಗಿದ್ದೀಯೆ ಮಗಳೇ? ಕಾಲು ಊದಿಕೊಂಡಿದೆ ಎಂದಿದ್ದೆಯಲ್ಲ, ಇಳಿಯಿತೇ? ಅಳಿಯಂದಿರು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆಯೇ? ಇಲ್ಲಿ ನಾನು ಗಟ್ಟಿಯಾಗಿದ್ದೇನೆ, ಮಂಡಿಯೊಂದು ಬಿಟ್ಟು. ಅದೂ ಇಪ್ಪತ್ತಾರು ವರ್ಷ ಗೈಡಾಗಿ ಕೊರಿಯಾದವರನ್ನು ಗುಡಿ ಹತ್ತಿಸಿ ಇಳಿಸಿದ ಮಂಡಿ, ಅದರ ಗೊಣಗಾಟಕ್ಕೆ ಅರ್ಥವಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನು ಮಾಡಿದರೆ ನಿನ್ನಮ್ಮ ನನ್ನನ್ನು ಆಚೆ ತಳ್ಳಿ ತಾನೇ ಎದುರಿಗೆ ಕೂರುತ್ತಾಳೆ. ಅವಳ ಎದುರಿಗೆ ಅವಳ ವಿಷಯ ಹೇಳುವುದು ಹೇಗೆ? ಅದಕ್ಕೇ ಈ ಕಾಗದ. ನಿನ್ನ ಅತ್ತೆ ಸಂಜೆ ಕೊರಿಯಾಕ್ಕೆ ವಿಮಾನ ಹತ್ತುತ್ತಾರೆ, ಅವರ ಕೈಚೀಲದಲ್ಲೇ ಬರುತ್ತದೆ. ನಮ್ಮ ಲಿಪಿ ಅವರಿಗೆ ಬಾರದು, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಚೊಚ್ಚಲ ಹೆರಿಗೆಗೆ ನೀನು ತವರಿಗೆ ಬರಲೇಬೇಕೆಂಬುದು ನಿನ್ನಮ್ಮನ ಹಟ, ಕಳಿಸುವುದಿಲ್ಲವೆಂಬುದು ನಿನ್ನ ಅತ್ತೆಯ ಹಟ. ನಡುವೆ ನೀನು ಎಷ್ಟು ಅತ್ತಿದ್ದೀಯೆಂದು ನನಗೆ ಗೊತ್ತು. ಇವಳಂತೂ ಆಗಲೇ ಬಾಣಂತಿಯ ಬಿದಿರು ಮಂಚ ಕಟ್ಟಿಸಿ, ಅದರ ಕೆಳಗೆ ಕೆಂಡದ ಮಡಕೆ ಇಡುವ ಜಾಗವನ್ನೂ ಗುಡಿಸಿಟ್ಟಿದ್ದಾಳೆ. ಅಷ್ಟರಲ್ಲಿ ಅತ್ತೆ ತಮ್ಮ ಮಾರುಕಟ್ಟೆಯ ಗೆಳತಿಯರ ಜೊತೆ ಮೂರು ದಿನದ ಪ್ರವಾಸಕ್ಕೆ ಹೊರಟರು. ಗುಡಿ ನೋಡುವುದು ನೆಪ, ನಮ್ಮ ಮನೆ ಎಂಥದ್ದೆಂದು ನೋಡುವುದು ಕೆಲಸ. ಆ ಗುಂಪು ಬೇರೆ ಗೈಡಿನ ಪಾಲಿಗೆ ಬಂದಿತ್ತು, ಅವನನ್ನು ಕಾಡಿ ಬೇಡಿ ಬದಲಾಯಿಸಿಕೊಂಡೆ.

ನಿನ್ನ ಮದುವೆಗೆ ನಮಗೆ ವೀಸಾ ಸಿಗಲಿಲ್ಲವಲ್ಲ, ಹಾಗಾಗಿ ಬೀಗಿತ್ತಿಯನ್ನು ಮುಖಾಮುಖಿ ನೋಡಿದ್ದು ಇದೇ ಮೊದಲು. ವಿಮಾನ ನಿಲ್ದಾಣದಲ್ಲಿ ಅವರು ಬಂದು ನಿಂತಾಗ ಗಾಬರಿಯಲ್ಲಿ ಮುಗಿದ ಕೈ ತಾನಾಗಿ ಹುಬ್ಬಿನವರೆಗೆ ಏರಿಬಿಟ್ಟಿತು. ಪಕ್ಕದಲ್ಲಿದ್ದ ನಿನ್ನಮ್ಮ ಕೆಮ್ಮಿದಳು. ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಮರುದಿನ ಹಳೆಯ ಅರಮನೆಯೆದುರಿನ ಆನೆ ಜಗಲಿಯ ಮೇಲೆ, ರಾಜರ ಕಾಲದ ಮರ್ಯಾದೆಗಳನ್ನು ಹೇಳುತ್ತ ದಿನಾ ಒಪ್ಪಿಸುವ ಪಾಠವನ್ನು ಒಪ್ಪಿಸಿದೆ: ಸರೀಕರಿಗೆ ಎದೆಯ ಹತ್ತಿರ ಕೈಮುಗಿಯುವುದು, ಹಿರಿಯರಿಗೆ ಬಾಯಿಯ ಹತ್ತಿರ, ತಾಯಿ ತಂದೆ ಗುರುಗಳಿಗೆ ಮೂಗಿನ ಹತ್ತಿರ, ಅರಸರಿಗೆ ಹುಬ್ಬಿನ ಹತ್ತಿರ, ದೇವರಿಗೆ ಹಣೆಯ ಮೇಲೆ. ನಿನ್ನ ಅತ್ತೆ ಬೆರಳೆಣಿಸಿ ನೋಡಿ, “ಹಾಗಾದ್ರೆ ಬೀಗರೇ, ನಿನ್ನೆ ನನ್ನನ್ನ ಯಾವ ದೇಶದ ರಾಣಿ ಮಾಡಿದ್ರಿ?” ಅಂದರು. ಗೆಳತಿಯರೆಲ್ಲ ಅವರಿಗೆ ಹುಬ್ಬು ಮುಟ್ಟುವಂತೆ ಕೈಮುಗಿಯತೊಡಗಿದರು. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾನ ಹೀಗೆ ಬಯಲಲ್ಲಿ ಹರಾಜಾಗಿರಲಿಲ್ಲ. ಆದರೆ ಆಮೇಲೆ ಅವರು ನಿನ್ನಮ್ಮ ತಂದಿದ್ದ ಶಾವಿಗೆ, ಮೀನಿನ ಗೊಜ್ಜನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಊಟವಾದ ಮೇಲೆ ಬಾಯೊನ್ ಗುಡಿಗೆ ಹೋದೆವು. ಹೊರಗೋಡೆಯಲ್ಲಿ ಹೆರಿಗೆಯ ಕೆತ್ತನೆಯೊಂದಿದೆಯಲ್ಲ, ನೀನು ಚಿಕ್ಕವಳಿದ್ದಾಗ “ಈ ಚಿಕ್ಕಮ್ಮನಿಗೆ ಹೊಟ್ಟೆನೋವಾ ಅಪ್ಪಾ?” ಎಂದು ಕೇಳುತ್ತಿದ್ದೆ. ನಾನು ಅಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವವನಲ್ಲ. ಜನ ಕೋಳಿ ಅಂಕದ ಚಿತ್ರ ನೋಡಲು ಆತುರ ಪಡುತ್ತಾರೆ. ಗೆಳತಿಯರು ಮುಂದೆ ಹೋದರು, ನಿನ್ನ ಅತ್ತೆ ನಿಂತರು. ಹೆರುವವಳನ್ನು ಹಿಡಿದುಕೊಂಡಿರುವ ಹೆಂಗಸು ಯಾರು, ತಾಯಿಯೋ ಅತ್ತೆಯೋ ಎಂದು ಕೇಳಿದರು. ನಾನು ಸೂಲಗಿತ್ತಿ ಇರಬೇಕೆಂದೆ. ನಿನ್ನಮ್ಮ ಮಾತ್ರ, “ತಾಯಿ” ಅಂದಳು. ಆಮೇಲೆ ನನ್ನ ತೋಳು ಹಿಡಿದು, “ನಾನು ಹೇಳಿದ್ದನ್ನ ಅವರಿಗೆ ಹೇಳಿದ ಹಾಗೇ ಹೇಳಿ. ನಿಮ್ಮ ಮಸಾಲೆ ಸೇರಿಸಬೇಡಿ” ಅಂದಳು.

ಮಗಳೇ, ನಿನಗೊಬ್ಬ ಅಣ್ಣನಿದ್ದ. ಇದನ್ನು ನಿನಗೆ ನಾವು ಹೇಳಿಯೇ ಇಲ್ಲ. ಗಡಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ. ನಿನ್ನಮ್ಮನಿಗೆ ಆಗ ಹತ್ತೊಂಬತ್ತು, ಅವಳ ತಾಯಿ ಕೊಲೆಗಡುಕರು ಆಳಿದ ಆ ಹಾಳು ವರ್ಷಗಳಲ್ಲೇ ತೀರಿಹೋಗಿದ್ದರು, ನನ್ನನ್ನು ಬಂದೂಕು ಹೊರಿಸಿ ಕಾಡಿಗೆ ಕಳಿಸಿದ್ದರು. ತಿಂಗಳ ಮೇಲೆ ನಾನು ಬಂದಾಗ ಮಗು ಇರಲಿಲ್ಲ. “ಹೋಯ್ತು” ಅಂದಳು, ನಾನು ಮುಂದೆ ಕೇಳಲಿಲ್ಲ. ಕೇಳದೇ ಇದ್ದದ್ದು ಅವಳ ಮೇಲಿನ ಕರುಣೆಯೆಂದು ಇಷ್ಟು ವರ್ಷ ನಂಬಿದ್ದೆ, ಅದು ಹೇಡಿತನ. ಉಳಿದದ್ದನ್ನು ನಾನು ಕೇಳಿದ್ದು ನಿನ್ನೆ, ಕೊರಿಯಾ ಭಾಷೆಗೆ ತಿರುಗಿಸಿ ಹೇಳುತ್ತ. ಗುಡಿಸಲಿಗೆ ಗುಡಿಸಲು ಅಂಟಿಕೊಂಡಿದ್ದರಿಂದ ಅವಳಿದ್ದ ಸಾಲಿನಲ್ಲಿ ಕೆಂಡ ಇಡಲು ಬಿಡಲಿಲ್ಲವಂತೆ. ಮಳೆಗಾಲ, ಒದ್ದೆ ಚಾಪೆ. ಅವಳ ಮೈಯ ಚಳಿಯೇ ಹಾಲಿಗಿಳಿದು ಮಗು ಹನ್ನೊಂದನೇ ದಿನ ಹೋಯಿತೆಂದು ಇವತ್ತಿಗೂ ನಂಬಿದ್ದಾಳೆ. ಡಾಕ್ಟರು ಒಪ್ಪಲಾರರು. ಅವಳು ಹೇಳಿದ್ದನ್ನು ಹೇಳಿದ ಹಾಗೇ ನಾನು ಹೇಳಿದೆ. ಅವಳ ಕೊನೆಯ ಮಾತು ಇಷ್ಟು: “ಅಕ್ಕಾ, ನನ್ನ ಮಗಳು ಚಳಿಯಲ್ಲಿ ಮಲಗಬಾರದು. ಅಷ್ಟೇ.”

ನಿನ್ನ ಅತ್ತೆ ಚೀಲ ಕೆಳಗಿಟ್ಟು, ಎರಡೂ ಕೈ ಜೋಡಿಸಿ, ಎತ್ತರ ಸರಿಯಿದೆಯೇ ಎಂದು ನನ್ನ ಕಡೆ ನೋಡಿ, ನಿನ್ನಮ್ಮನಿಗೆ ಮೂಗಿನವರೆಗೆ ಕೈಮುಗಿದರು. ನಿನ್ನಮ್ಮ ಕಕ್ಕಾಬಿಕ್ಕಿಯಾಗಿ ಆ ಕೈಗಳನ್ನು ಹಿಡಿದು ಇಳಿಸಿದಳು. “ಅವ್ಳನ್ನ ಕಳ್ಸೋಕಾಗಲ್ಲ, ರಕ್ತದೊತ್ತಡ ಇದೆ, ವಿಮಾನ ಬೇಡ ಅಂದಿದಾರೆ ಡಾಕ್ಟ್ರು” ಅಂದರು ಬೀಗಿತ್ತಿ. “ನೀವು ಬನ್ನಿ. ಕಾಗದಪತ್ರ ನನ್ನ ಮಗ ಮಾಡಿಸ್ತಾನೆ.” ಇವಳು ಕೇಳಿದ ಮೊದಲ ಪ್ರಶ್ನೆ, ಮಂಚದ ಕೆಳಗೆ ಕೆಂಡ ಇಡಲು ಬಿಡುತ್ತಾರೆಯೇ ಎಂದು. ಅದಕ್ಕೆ ಬೀಗಿತ್ತಿ ಕಣ್ಣೊರೆಸಿಕೊಂಡು ನಕ್ಕರು: “ನಮ್ಮಲ್ಲಿ ಮಂಚ ಯಾಕೆ? ನೆಲದಡಿ ಬಿಸಿನೀರಿನ ಕೊಳವೆ ಇರ್ತವೆ, ನೆಲಾನೇ ಬಿಸಿ. ಮನೆಮಂದಿಯೆಲ್ಲ ಚಳಿಗಾಲ ಪೂರ್ತಿ ಬೆಂಕಿ ಮೇಲೇ ಮಲಗ್ತೀವಿ.” ನಿನ್ನಮ್ಮ ನಂಬದೆ ನನ್ನ ಕಡೆ ನೋಡಿದಳು, ಮಸಾಲೆ ಸೇರಿಸಿದೆನೆಂದು ಅವಳ ಅನುಮಾನ.

ಈಗ ಅವಳು ಔಷಧಿಯ ತೊಗಟೆಗಳನ್ನು ಕಟ್ಟುತ್ತಿದ್ದಾಳೆ, ನನಗೆ ಅನ್ನ ಬೇಯಿಸುವುದನ್ನು ಹೊಸದಾಗಿ ಕಲಿಸುತ್ತಿದ್ದಾಳೆ. ಇವಳಿಲ್ಲದ ಮನೆಯಲ್ಲಿ ಮೂರು ತಿಂಗಳು ಹೇಗಿರುತ್ತೇನೋ ಕಾಣೆ. ಅದರ ಚಿಂತೆ ನಿನಗೆ ಬೇಡ. ಆಯುಸ್ಸು, ವರ್ಣ, ಸುಖ, ಬಲ: ಬುದ್ಧದೇವರು ಈ ನಾಲ್ಕನ್ನೂ ನಿನಗೂ ನಿನ್ನ ಹೊಟ್ಟೆಯಲ್ಲಿರುವ ಪುಟ್ಟ ಕೂಸಿಗೂ ಕೊಡಲಿ. ಅಳಿಯಂದಿರಿಗೆ ನನ್ನ ಪ್ರೀತಿ ತಿಳಿಸು.

ನಿನ್ನ ಅಪ್ಪ,
ಸಾರೂನ್

ಮರೆತಿದ್ದೆ, ವ್ಯಾನು ಬಂದಿದೆ, ಬೇಗ ಬರೆಯುತ್ತೇನೆ. ಅಲ್ಲಿಗೆ ಬಂದ ಮೇಲೆ ನಿನ್ನಮ್ಮ ಒಂದು ಕಡೆ ಕೂರುವವಳಲ್ಲ. ಅಡುಗೆ ನಾನು ಮಾಡುತ್ತೇನೆ, ಬಟ್ಟೆ ನಾನು ಒಗೆಯುತ್ತೇನೆ ಎನ್ನುತ್ತಾಳೆ. ಬಿಡಬೇಡ. ಮಗು ರಾತ್ರಿ ಅಳುತ್ತದೆ, ನನಗೆ ಭಯ ಅಂತ ಏನಾದರೂ ಸುಳ್ಳು ಹೇಳಿ ಅವಳನ್ನು ಆ ಬಿಸಿ ನೆಲದ ಮೇಲೆ ನಿನ್ನ ಪಕ್ಕದಲ್ಲೇ ಮಲಗಿಸಿಕೋ, ಮೇಲೆ ದಪ್ಪ ಕಂಬಳಿ ಹೊದಿಸು. ಅವಳಿಗೆ ಗೊತ್ತಾಗದ ಹಾಗೆ ಅವಳ ಬಾಣಂತನವನ್ನೂ ಮಾಡಿಬಿಡು, ಮಗಳೇ.